ಲೊಕೇಶನ್ ಆಫ್ ಮಾಡಿದರೆ ಡೇಟಾ ಉಳಿಯುವುದಿಲ್ಲ

ಪ್ರಶ್ನೆ: ಲೊಕೇಶನ್ ಸದಾ ಆಫ್ ಇಡುತ್ತೇನೆ, ವಿಡಿಯೊ ಹೆಚ್ಚು ನೋಡುವುದಿಲ್ಲ, ಮನೆಯಲ್ಲಿ ವೈಫೈ ಇದೆ. ಆದರೂ ದಿನದ 1.5 ಜಿಬಿ ಮಧ್ಯಾಹ್ನಕ್ಕೇ ಖಾಲಿ. ಯಾವ ಆ್ಯಪ್ ಹಾಕಿಕೊಳ್ಳಲಿ? (ಡೊಂಬಿವಲಿ)

ಯಾವುದನ್ನೂ ಹಾಕಿಕೊಳ್ಳಬೇಡಿ. ಪ್ರತಿ ವಾರ ಇದೇ ಪ್ರಶ್ನೆ, ಜೊತೆಗೆ ಇದೇ ಆ್ಯಪ್ ಆಸೆ. 'ಕ್ಲೀನರ್', 'ಬೂಸ್ಟರ್', 'ಡೇಟಾ ಸೇವರ್' ಎಂದು ಹೆಸರಿಟ್ಟುಕೊಂಡವು ಜಾಹೀರಾತು ಇಳಿಸಿಕೊಳ್ಳಲು ನಿಮ್ಮ ಡೇಟಾವನ್ನೇ ತಿನ್ನುತ್ತವೆ. ಅದು ವಿಪಿಎನ್ ಬಗೆಯದಾದರೆ ನಿಮ್ಮ ನೆಟ್ ಬಳಕೆಯೆಲ್ಲ ಗುರುತಿಲ್ಲದವರ ಸರ್ವರ್ ಮೂಲಕ ಹಾದುಹೋಗುತ್ತದೆ.

ಲೊಕೇಶನ್ ಪಾಪ, ಇದರಲ್ಲಿ ನಿರಪರಾಧಿ. ಜಿಪಿಎಸ್ ಎಂದರೆ ಫೋನು ಉಪಗ್ರಹದ ಸಂಕೇತವನ್ನು ಕೇಳಿಸಿಕೊಳ್ಳುವುದು ಅಷ್ಟೇ, ತಿರುಗಿ ಏನೂ ಕಳಿಸುವುದಿಲ್ಲ. ಬೇಗ ಜಾಗ ಹಿಡಿಯಲು ನೆಟ್‌ನಿಂದ ಒಂದಿಷ್ಟು ಮಾಹಿತಿ ತರಿಸಿಕೊಂಡರೂ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಡೇಟಾ ಹೋಗುವುದು ಮ್ಯಾಪ್‌ನ ಚಿತ್ರ ಇಳಿಸಲು. ಅದನ್ನೂ ವೈಫೈ ಇದ್ದಾಗ 'ಆಫ್‌ಲೈನ್ ಮ್ಯಾಪ್ಸ್'ನಲ್ಲಿ ಇಳಿಸಿಟ್ಟುಕೊಳ್ಳಬಹುದು.

ಈಗ ತಿನ್ನುವವರನ್ನು ಹಿಡಿಯೋಣ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ 'ಡೇಟಾ ಯೂಸೇಜ್' ಎಂದು ಕೊಡಿ. ಒಂದೊಂದು ಕಂಪನಿ ಒಂದೊಂದು ಕಡೆ ಬಚ್ಚಿಟ್ಟಿರುತ್ತದೆ. ಹೆಚ್ಚು ತಿಂದ ಆ್ಯಪ್ ಮೇಲಿರುತ್ತದೆ. ಅದನ್ನು ಒತ್ತಿದರೆ ಫೋರ್‌ಗ್ರೌಂಡ್ (ನೀವು ತೆರೆದು ಬಳಸುವಾಗ ಹೋದದ್ದು), ಬ್ಯಾಕ್‌ಗ್ರೌಂಡ್ (ತೆರೆಯದಿದ್ದಾಗಲೂ ಹಿಂದಿನಿಂದ ಹೋದದ್ದು) ಎಂದು ಎರಡು ಅಂಕಿ. ಬ್ಯಾಕ್‌ಗ್ರೌಂಡ್ ದೊಡ್ಡದಿದ್ದರೆ ಅಲ್ಲೇ ಕೆಳಗಿನ 'ಬ್ಯಾಕ್‌ಗ್ರೌಂಡ್ ಡೇಟಾ' ಆಫ್ ಮಾಡಿ. ವಾಟ್ಸಾಪ್‌ಗೆ ಮಾತ್ರ ಹೀಗೆ ಮಾಡಬೇಡಿ, ಮೆಸೇಜ್ ತಡವಾಗಿ ಬರುತ್ತದೆ, ಆಮೇಲೆ ನನಗೇ ಇನ್ನೊಂದು ಪತ್ರ ಬರುತ್ತದೆ. ಫೋರ್‌ಗ್ರೌಂಡ್ ದೊಡ್ಡದಿದ್ದರೆ ತಿಂದವರು ನೀವೇ. ವಿಡಿಯೊ ನೋಡುವುದಿಲ್ಲ ಎನ್ನುವವರ ಫೋನಿನಲ್ಲೂ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೇಲಿನ ಸಾಲಲ್ಲೇ ಕೂತಿರುತ್ತವೆ. ಬೆರಳಾಡಿಸುತ್ತ ಹೋದಂತೆ ತಾನೇ ಓಡುವ ರೀಲ್ ಕೂಡ ವಿಡಿಯೊನೇ ಸ್ವಾಮಿ. ಫೇಸ್‌ಬುಕ್‌ನ ಆಟೋಪ್ಲೇ ವೈಫೈಗೆ ಮಾತ್ರ ಬಿಡಿ, ಇನ್‌ಸ್ಟಾಗ್ರಾಂನ ಡೇಟಾ ಸೇವರ್ ಆನ್ ಮಾಡಿ.

ವಾಟ್ಸಾಪ್‌ಗೆ ಮದ್ದು ಬೇರೆ. ಊರಿನವರು, ಸಂಘ, ಸೊಸೈಟಿ ಅಂತ ನಾಲ್ಕು ಗ್ರೂಪ್ ಇದ್ದರೆ ಬೆಳಗಿನ 'ಶುಭೋದಯ' ವಿಡಿಯೊಗಳೇ ಸಾಕು. ಅದರ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ', ಅಲ್ಲಿ 'ವೆನ್ ಯೂಸಿಂಗ್ ಮೊಬೈಲ್ ಡೇಟಾ'. ಫೋಟೊ, ಆಡಿಯೊ, ವಿಡಿಯೊ, ಡಾಕ್ಯುಮೆಂಟ್ ನಾಲ್ಕರ ಟಿಕ್ಕನ್ನೂ ತೆಗೆಯಿರಿ. ವಾಯ್ಸ್ ಮೆಸೇಜ್ ಆದರೂ ತಾನೇ ಇಳಿಯುತ್ತದೆ, ಅದು ಚಿಕ್ಕದು. ಪ್ಲೇ ಸ್ಟೋರ್‌ನ ಆಟೋ ಅಪ್‌ಡೇಟ್ ಮತ್ತು ಗೂಗಲ್ ಫೋಟೋಸ್‌ನ ಬ್ಯಾಕಪ್ ಎರಡೂ ವೈಫೈಗೆ ಮಾತ್ರ.

ವೈಫೈ ಇದ್ದೂ ಡೇಟಾ ಹೋಗುವುದಕ್ಕೆ ಕಾರಣ ಹೆಚ್ಚಾಗಿ ಗೋಡೆ. ರೌಟರ್ ಹಾಲ್‌ನಲ್ಲಿ, ನೀವು ಒಳಗಿನ ಕೋಣೆಯಲ್ಲಿ. ಸಿಗ್ನಲ್ ಕುಂದಿದ ಕೂಡಲೇ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತದೆ. ಐಫೋನ್‌ನಲ್ಲಿ ಇದರ ಹೆಸರು 'ವೈಫೈ ಅಸಿಸ್ಟ್', ಸೆಲ್ಯುಲಾರ್ ಪುಟದ ತೀರಾ ಕೆಳಗಿದೆ. ಸ್ಯಾಮ್‌ಸಂಗ್‌ನಲ್ಲಿ ವೈಫೈ ಸೆಟ್ಟಿಂಗ್ಸ್ ಒಳಗೆ 'ಸ್ವಿಚ್ ಟು ಮೊಬೈಲ್ ಡೇಟಾ'. ಆಫ್ ಮಾಡಿ. ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಕೊಡುವವರಾದರೆ ವಿಂಡೋಸ್‌ನಲ್ಲಿ ಆ ವೈಫೈಯನ್ನು 'ಮೀಟರ್ಡ್ ಕನೆಕ್ಷನ್' (ಅಳೆದು ಬಳಸಬೇಕಾದ ನೆಟ್) ಮಾಡಿ, ಇಲ್ಲದಿದ್ದರೆ ಒಂದು ವಿಂಡೋಸ್ ಅಪ್‌ಡೇಟಿಗೇ ದಿನದ ಕೋಟಾ ಮುಗಿಯಬಹುದು. ಕೋಟಾ ಮುಗಿದ ಮೇಲೆ ಹಲವು ಪ್ಯಾಕ್‌ಗಳು ಕೊಡುವ 64 ಕೆಬಿಪಿಎಸ್ ವೇಗದಲ್ಲಿ ಒಂದು ಎಂಬಿ ಇಳಿಯಲು ಎರಡು ನಿಮಿಷದ ಮೇಲೆ ಬೇಕು.

ಪ್ರಶ್ನೆ: ಸಾಲದ ಆ್ಯಪ್ ಲೊಕೇಶನ್, ಕಾಂಟ್ಯಾಕ್ಟ್ಸ್, ಗ್ಯಾಲರಿ ಮೂರೂ ಕೇಳುತ್ತಿದೆ. ಕೊಡಲೇ? (ಪಿಂಪ್ರಿ)

ಆ ಆ್ಯಪನ್ನು ಈಗಲೇ ತೆಗೆದುಹಾಕಿ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋನಿನ ಫೈಲ್‌ಗಳನ್ನು ಮುಟ್ಟಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕ್ಯಾಮೆರಾ, ಮೈಕ್, ಲೊಕೇಶನ್ ಕೂಡ ಕೆವೈಸಿಗೆಂದು (ನಿಮ್ಮ ಗುರುತಿನ ಪರಿಶೀಲನೆಗೆ) ಒಂದೇ ಸಲ, ಅದೂ ನಿಮ್ಮ ಒಪ್ಪಿಗೆ ಪಡೆದು. ಗ್ಯಾಲರಿ ಕೇಳುವವನಿಗೆ ಬೇಕಾದದ್ದು ಬಡ್ಡಿಯಲ್ಲ, ಬೆದರಿಸಲು ಸಾಮಾನು.

ಪ್ರಶ್ನೆ: ಆ್ಯಪ್‌ನಲ್ಲಿ ಲೋಕಲ್ ರೈಲಿನ ಟಿಕೆಟ್ ತೆಗೆಯುವಾಗ ಲೊಕೇಶನ್ ತಪ್ಪು ತೋರಿಸುತ್ತದೆ. (ಘಾಟ್ಕೋಪರ್)

ಅನುಮತಿ ಕೊಡುವಾಗ 'ಅಪ್ರಾಕ್ಸಿಮೇಟ್' (ಅಂದಾಜು ಜಾಗ) ಒತ್ತಿರಬೇಕು. ಆಂಡ್ರಾಯ್ಡ್ 12ರಿಂದ ಈ ಆಯ್ಕೆ ಇದೆ. ಸುಮಾರು ಮೂರು ಚದರ ಕಿಲೋಮೀಟರ್‌ನೊಳಗೆ ಎಲ್ಲೋ ಇದ್ದೀರಿ ಎಂದಷ್ಟೇ ಆ್ಯಪ್‌ಗೆ ತಿಳಿಯುತ್ತದೆ. ಹವಾಮಾನ ನೋಡಲು ಅಷ್ಟು ಸಾಕು. ಟಿಕೆಟ್, ಟ್ಯಾಕ್ಸಿ, ಮ್ಯಾಪ್‌ಗೆ 'ಪ್ರಿಸೈಸ್' (ನಿಖರ ಜಾಗ) ಕೊಡಿ, 'ಆ್ಯಪ್ ಬಳಸುವಾಗ ಮಾತ್ರ' ಎಂಬ ಆಯ್ಕೆಯೊಂದಿಗೆ. ಟಾರ್ಚ್, ಕ್ಯಾಲ್ಕುಲೇಟರ್‌ಗೆ ಯಾವುದೂ ಬೇಡ.

ಪ್ರಶ್ನೆ: ಮುಂಬೈ ಸಿಮ್‌ಗೆ ಗೋವಾದಲ್ಲಿ ನೆಟ್ ಬರಲಿಲ್ಲ.

ಮುಂಬೈ ಒಂದು ಟೆಲಿಕಾಂ ಸರ್ಕಲ್ (ಮೊಬೈಲ್ ಸೇವೆಯ ವಲಯ), ಪುಣೆ ಮತ್ತು ಗೋವಾ ಇನ್ನೊಂದು. ಸರ್ಕಲ್ ದಾಟಿದಾಗ ಡೇಟಾ ರೋಮಿಂಗ್ ಆಫ್ ಇದ್ದರೆ ನೆಟ್ ಬರದಿರಬಹುದು, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ ನೋಡಿ.

ಪ್ರಶ್ನೆ: ರೀಸೆಂಟ್‌ನಿಂದ (ಈಚೆಗೆ ತೆರೆದವುಗಳ ಪಟ್ಟಿಯಿಂದ) ಆ್ಯಪ್‌ಗಳನ್ನು ತಳ್ಳಿಹಾಕುತ್ತಿದ್ದರೆ ಡೇಟಾ ಉಳಿಯುತ್ತದೆಯೇ?

ಇಲ್ಲ.

ಪ್ರಶ್ನೆ: ಲೊಕೇಶನ್ ಆಫ್ ಇದ್ದರೆ ನಾನಿರುವ ಜಾಗ ಯಾರಿಗೂ ಗೊತ್ತಾಗುವುದಿಲ್ಲ ಅಲ್ಲವೇ?

ಸಿಮ್ ನೆಟ್‌ವರ್ಕ್ ಹಿಡಿದಿರುವ ತನಕ ನೀವು ಯಾವ ಟವರ್ ಕೆಳಗಿದ್ದೀರಿ ಎಂಬುದು ಸಿಮ್ ಕಂಪನಿಗೆ ಗೊತ್ತೇ ಇರುತ್ತದೆ. ಆ ಸ್ವಿಚ್ಚಿನಿಂದ ತಪ್ಪುವುದು ಆ್ಯಪ್‌ಗಳ ಕಣ್ಣು ಮಾತ್ರ, ಅದೂ ಪೂರ್ತಿ ಅಲ್ಲ.