ಮ್ಯಾಗ್ನೆಟ್ ಅಂಟದಿದ್ದರೆ ಅದು ಗಟ್ಟಿ ಹಿತ್ತಾಳೆಯೇ?

ನಿಮ್ಮ ಕ್ಯಾಂಡಲ್ ಸ್ಟ್ಯಾಂಡ್‌ಗೆ ಮ್ಯಾಗ್ನೆಟ್ ಅಂಟುವುದಿಲ್ಲ, ಹಾಗಾದರೆ ಅದು ಗಟ್ಟಿ, ಅಂದರೆ ಒಳಗೂ ಹೊರಗೂ ಹಿತ್ತಾಳೆಯೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆ ಹೇಳಲಾಗದು. ಅಂಟಿದರೆ ಒಳಗೆ ಕಬ್ಬಿಣ ಇದೆ ಎಂದು ತಿಳಿಯುತ್ತದೆ, ಸರಿ. ಆದರೆ ಸತು ಅಥವಾ ಅಲ್ಯೂಮಿನಿಯಂ ಎರಕದ ಮೇಲೆ ಹಿತ್ತಾಳೆ ಲೇಪ ಕೊಟ್ಟ ಸಾಮಾನಿಗೂ ಮ್ಯಾಗ್ನೆಟ್ ಅಂಟುವುದಿಲ್ಲ. ಹೂದಾನಿ, ಕ್ಯಾಂಡಲ್ ಸ್ಟ್ಯಾಂಡ್‌ಗಳಲ್ಲಿ ಇಂಥವು ಧಾರಾಳ.

ನಾನಾದರೆ ಮೊದಲು ಬುಡ ಮೇಲು ಮಾಡಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮೊಳೆಯ ತುದಿಯಿಂದ ಒಂದು ಸಣ್ಣ ಗೀರು ಎಳೆಯುತ್ತೇನೆ. ಗೀರಿನೊಳಗೂ ಹಳದಿಯೇ ಕಂಡರೆ ಒಳ್ಳೆಯ ಲಕ್ಷಣ. ಬೂದು ಬಣ್ಣ ಕಂಡರೆ ಅದು ಬರೀ ಲೇಪ. ಕೆಂಪಗಿದ್ದರೆ ಇಡೀ ಸಾಮಾನೇ ತಾಮ್ರದ್ದಿರಬಹುದು, ಇಲ್ಲವೇ ಲೇಪದ ಕೆಳಗಿನ ತಾಮ್ರದ ಪದರ ಇರಬಹುದು.

ಗೀರಲು ಮನಸ್ಸು ಬಾರದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಸಾಮಾನನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ನೀರಿರುವ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಸಾಮಾನನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕಾಗಲಿ ಅಂಚಿಗಾಗಲಿ ತಾಗಬಾರದು, ಒಳಗೆ ಗಾಳಿ ಉಳಿಯಬಾರದು. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಸಾಮಾನಿನ ಗಾತ್ರ ಅಷ್ಟು ಮಿಲಿಲೀಟರ್. ತೂಕವನ್ನು ಅದರಿಂದ ಭಾಗಿಸಿ: ಹಿತ್ತಾಳೆಗೆ 8.4ರಿಂದ 8.7ರ ಆಸುಪಾಸು ಬರುತ್ತದೆ, ಉಕ್ಕಿಗೆ 7.8, ಸತುವಿನ ಎರಕಕ್ಕೆ 7ಕ್ಕಿಂತ ಕಡಿಮೆ. 850 ಗ್ರಾಂ ತೂಗುವ ಹೂದಾನಿ 100 ಗ್ರಾಂ ತೋರಿಸಿದರೆ ನಿಶ್ಚಿಂತೆಯಾಗಿರಿ. ಕಂಚು ಮಾತ್ರ ಈ ಲೆಕ್ಕದಲ್ಲಿ ಹಿತ್ತಾಳೆಗೆ ತೀರಾ ಹತ್ತಿರ ಬರುತ್ತದೆ.

ಇದೆಲ್ಲ ಆಗುವವರೆಗೆ ಉಜ್ಜಬೇಡಿ. ಲೇಪ ಬಹಳ ತೆಳು, ಉಜ್ಜಿದರೆ ಹೋಗಿಬಿಡುತ್ತದೆ. ಗಟ್ಟಿ ಹಿತ್ತಾಳೆಯ ಮೇಲೂ ಪಾರದರ್ಶಕ ಲ್ಯಾಕರ್ (ವಾರ್ನಿಶ್‌ನಂಥ ಲೇಪ) ಬಳಿದಿರುವುದುಂಟು. ಹೊಳಪಿನ ನಡುವೆ ಅಲ್ಲಲ್ಲಿ ಮಾತ್ರ ಕಂದು ಕಲೆ, ಕಲೆಯ ಅಂಚಿನಲ್ಲಿ ಸಿಪ್ಪೆ ಎದ್ದಂತೆ ಇದ್ದರೆ ಅದೇ. ಅಂಥದ್ದನ್ನು ಮೊದಲು ಅಸಿಟೋನ್‌ನಿಂದ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಎಷ್ಟು ತಿಕ್ಕಿದರೂ ಕಲೆ ಜಪ್ಪಯ್ಯ ಅನ್ನುವುದಿಲ್ಲ.

ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿದ ಮೇಲೆ ಸ್ಟ್ಯಾಂಡ್ ಗುಲಾಬಿ ಬಣ್ಣಕ್ಕೆ ತಿರುಗಿತು ಎಂದಿದ್ದೀರಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿಯಲ್ಲಿ ಹೊತ್ತುಗಟ್ಟಲೆ ಬಿಟ್ಟರೆ ಮೇಲ್ಮೈಯ ಸತು ಕರಗಿ ತಾಮ್ರ ಕಾಣಿಸಿಕೊಳ್ಳುತ್ತದೆ. ಗಾಬರಿ ಬೇಡ, ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿದರೆ ಸಾಮಾನ್ಯವಾಗಿ ಹೋಗುತ್ತದೆ. ಇನ್ನು ಮುಂದೆ ಹುಳಿ, ಉಪ್ಪು ಹಚ್ಚಿದರೆ ಕೆಲವೇ ನಿಮಿಷ ಬಿಟ್ಟು ಸೋಪು ನೀರಲ್ಲಿ ತೊಳೆದು, ಕೆತ್ತನೆಯ ಸಂದಿಯಲ್ಲೂ ತೇವ ಉಳಿಯದಂತೆ ಒರೆಸಿ. ಉಪ್ಪು ಉಳಿದ ಕಡೆಯೇ ಹಸಿರು ಕಿಲುಬು ಕೂರುವುದು.

ಅಮೋನಿಯಾ ಇರುವ ಕ್ಲೀನರ್ ಮಾತ್ರ ಹತ್ತಿರ ತರಬೇಡಿ. ಬಡಿದು, ಬಗ್ಗಿಸಿ ಮಾಡಿದ ಹಿತ್ತಾಳೆ ಅದರಿಂದ ಬಿರುಕು ಬಿಡಬಹುದು. ಹಿಂದೆ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆ ತೋಟಾಗಳು ಸೀಳುತ್ತಿದ್ದವು; ಅದಕ್ಕೆ ಕುದುರೆ ಮೂತ್ರದಿಂದೇಳುವ ಅಮೋನಿಯಾವೇ ಕಾರಣ ಎಂದು ವಿವರಣೆ ಸಿಕ್ಕಿದ್ದು 1921ರಲ್ಲಿ.