ಓಪನ್ ಮಾಡಿದ ವಿಸ್ಕಿ ಸಪ್ಪೆ ಆಗಿದೆ ಅಂದವರಿಗೆ

ಎಂಟು ತಿಂಗಳ ಹಿಂದೆ ಓಪನ್ ಮಾಡಿದ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ) ಕಾಲು ಬಾಟಲಿ ಉಳಿದಿದೆ, ಸಪ್ಪೆ ಅನಿಸ್ತಿದೆ, ವೈನ್ ಥರ ಮಲಗಿಸಿಟ್ರೆ ಒಳ್ಳೇದಾ ಅಂತ ಕೇಳಿದೀರಿ. ದಯವಿಟ್ಟು ಮಲಗಿಸ್ಬೇಡಿ. ವೈನಲ್ಲಿ ಆಲ್ಕೋಹಾಲ್ ಕಮ್ಮಿ, ಕಾರ್ಕ್ ಒಣಗದೇ ಇರ್ಲಿ ಅಂತ ಮಲಗಿಸ್ತಾರೆ, ವಿಸ್ಕಿ 40% ಮೇಲೇ ಇರುತ್ತಲ್ವಾ, ಅದು ತಿಂಗಳುಗಟ್ಟಲೆ ತಾಗ್ತಾ ಇದ್ರೆ ಕಾರ್ಕ್ ಮೆತ್ತಗಾಗಿ ಪುಡಿ ಉದುರೋಕೆ ಶುರು ಆಗುತ್ತೆ. ನಿಲ್ಲಿಸೇ ಇಡಿ, ಬಿಸಿಲು ಬೀಳದ ಕಡೆ.

ಸಪ್ಪೆ ಆಗೋಕೆ ಕಾರಣ ಗಾಳಿ. ಕಾಲು ಬಾಟಲಿ ವಿಸ್ಕಿ ಅಂದ್ರೆ ಮುಕ್ಕಾಲು ಬಾಟಲಿ ಗಾಳಿ ಅಂತಾನೇ ಲೆಕ್ಕ. ನನ್ನ ಹತ್ರ ಸ್ಕಾಟ್ಲೆಂಡಿನ ಐಲಾ ದ್ವೀಪದ್ದೊಂದು ಪೀಟೆಡ್ ಮಾಲ್ಟ್ (ಪೀಟ್ ಅನ್ನೋ ಜೌಗು ಮಣ್ಣಿನ ಹೊಗೇಲಿ ಬಾರ್ಲಿ ಒಣಗಿಸಿ ಮಾಡೋ ವಿಸ್ಕಿ) ಇತ್ತು, ಮೊದಲ ದಿನ ಮುಚ್ಚಳ ತೆಗೆದ್ರೆ ರೂಮೆಲ್ಲಾ ಸೌದೆ ಒಲೆ ಹೊಗೆ ವಾಸನೆ, ವರ್ಷ ಕಳೆದು ತಳದಲ್ಲಿ ಉಳಿದಿದ್ದನ್ನ ಗ್ಲಾಸಿಗೆ ಬಗ್ಗಿಸಿದ್ರೆ ಹೊಗೆ ಎಲ್ಲೋ ದೂರದಲ್ಲಿ, ಬರೀ ಸಿಹಿ ಉಳಿದಿತ್ತು, ತುಂಬಾ ಬೇಜಾರಾಯ್ತು. ಅವತ್ತಿಂದ ಅರ್ಧಕ್ಕೆ ಬಂದ ತಕ್ಷಣ 100 ಎಂಎಲ್ ಗಾಜಿನ ಪುಟ್ಟ ಬಾಟಲಿಗಳಿಗೆ ಕುತ್ತಿಗೆವರೆಗೂ ತುಂಬಿ, ಮೇಲೆ ಹೆಸರು, ತಾರೀಖು ಬರೆದು ಇಡ್ತೀನಿ.

ಇನ್ನೊಂದು, ಲೇಬಲ್ ಮೇಲಿನ 12 ವರ್ಷ ಅನ್ನೋದು ಮರದ ಪೀಪಾಯಿಲಿ ಕಳೆದ ಕಾಲ, ಬಾಟಲಿಗೆ ಬಂದ್ಮೇಲೆ ವಯಸ್ಸಾಗಲ್ಲ, ಹಾಗಾಗಿ ಓಪನ್ ಮಾಡಿದ್ದನ್ನ ಸುಮ್ನೆ ಇಟ್ಕೊಂಡು ಕೂರ್ಬೇಡಿ.

ಉಳಿದಿದ್ದು ಕೆಟ್ಟಿಲ್ಲ, ಚೆಲ್ಬೇಡಿ. ಬಾಯಿ ಕಿರಿದಾಗಿರೋ ಗ್ಲಾಸಲ್ಲಿ ಹಾಕಿ ಹತ್ತು ನಿಮಿಷ ಬಿಟ್ಟು ಮೂಸಿ ನೋಡಿ, ಐಸ್ ಬೇಡ, ತಣ್ಣಗಾದ್ರೆ ಇರೋ ಪರಿಮಳನೂ ಮುಚ್ಚಿಹೋಗುತ್ತೆ.