ಅಜ್ಜನ ಟ್ರಂಕಿನಲ್ಲಿದ್ದ ಸೀನರಿ

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ, ಅಂದರೆ ಬೆಟ್ಟದ ನಡುವಿನ ಕೆರೆಸೀಮೆಯ, ಒಂದು ಹಳೇ ಪಟದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳನ್ನು ನೋಡಿ ನನಗೇ ಆಶ್ಚರ್ಯ. ಬೆಂಗಳೂರಿನ ಹಳೇ ಮನೆಗಳ ಗೋಡೆಯಲ್ಲಿ ಅಲ್ಲಿಯ ವಿಂಡರ್‌ಮಿಯರ್ ಕೆರೆ ಇಷ್ಟೊಂದು ತೂಗುತ್ತಿದೆ ಅಂತ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಬಳೇಪೇಟೆಯಲ್ಲಿ ಅಪ್ಪ ನಡೆಸುತ್ತಿದ್ದ ಫ್ರೇಮ್ ಅಂಗಡಿಗೆ ದೇವರ ಪಟ, ಮದುವೆ ಫೋಟೊ ಬಿಟ್ಟರೆ ಜಾಸ್ತಿ ಬರುತ್ತಿದ್ದದ್ದೇ 'ಸೀನರಿ'. ನಡುವೆ ನೀರು, ಹಿಂದೆ ಬೆಟ್ಟ, ಮುಂದೆ ಎರಡು ಹಸು. ಯಾವ ಊರು ಅಂತ ತಂದವರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಈ ಸಲ ಪೂರ್ತಿ ಅಂಕಣ ಆ ಸೀನರಿಗೇ.

ಅಜ್ಜನ ಟ್ರಂಕಿನಲ್ಲಿ ಒಂದು ಕೆರೆಯ ಚಿತ್ರ ಸಿಕ್ಕಿತು. ಕೆಳಗೆ ಚಿಕ್ಕದಾಗಿ 'ಡರ್ವೆಂಟ್‌ವಾಟರ್', ಎಡಗಡೆ 'ಟಿ. ಅಲಮ್' ಅಂತಿದೆ. ಕೈಯಲ್ಲಿ ಬಿಡಿಸಿದ್ದಾ? ಬೆಲೆ ಎಷ್ಟಾಗಬಹುದು? (ಓದುಗರೊಬ್ಬರು, ಬಸವನಗುಡಿ)

ಕೈಯಲ್ಲಿ ಬಿಡಿಸಿದ್ದಲ್ಲ, ಅಚ್ಚು. ಥಾಮಸ್ ಅಲಮ್ ಲಂಡನ್ನಿನ ವಾಸ್ತುಶಿಲ್ಪಿ. ಊರೂರು ತಿರುಗಿ ಚಿತ್ರ ಬರೆಯುವುದೂ ಅವನ ಕಸುಬಾಗಿತ್ತು. 1830ರ ದಶಕದಲ್ಲಿ ಈ ಕೆರೆಗಳಿರುವ ಕಂಬರ್‌ಲ್ಯಾಂಡ್, ವೆಸ್ಟ್‌ಮೋರ್‌ಲ್ಯಾಂಡ್ ಸೀಮೆಯ ಅವನ ಚಿತ್ರಗಳು ಕಂತುಕಂತಾಗಿ ಅಚ್ಚಾಗಿ ಪುಸ್ತಕವಾದವು. ನಿಮ್ಮದು ಅಂಥ ಪುಸ್ತಕದಿಂದ ಯಾರೋ ಬಿಚ್ಚಿದ ಹಾಳೆ ಇರಬೇಕು. ಎಡಗಡೆ ಇರುವುದು ಚಿತ್ರ ಬರೆದವನ ಹೆಸರು. ಬಲಗಡೆ ಇನ್ನೊಂದು ಹೆಸರಿರುತ್ತದೆ, ನೋಡಿ. ಅದು ಲೋಹದ ಮೇಲೆ ಅದನ್ನು ಕೊರೆದವನದು. ತಿಂಗಳುಗಟ್ಟಲೆ ಕಣ್ಣು ಕಳೆದುಕೊಂಡವನು ಅವನು. ಅವನ ಹೆಸರನ್ನು ಯಾರೂ ಓದುವುದೇ ಇಲ್ಲ.

ಒಂದು ಭೂತಗನ್ನಡಿ ತಗೊಂಡು ಆಕಾಶದ ಭಾಗ ನೋಡಿ. ಕೂದಲಿಗಿಂತ ಸಣ್ಣ ಗೆರೆಗಳು ಒತ್ತೊತ್ತಾಗಿ, ಒಂದಕ್ಕೊಂದು ಸಮವಾಗಿ ಓಡುತ್ತಿದ್ದರೆ ಅದು ಉಕ್ಕಿನ ತಗಡಿನ ಅಚ್ಚು. ಮುಂಚೆ ತಾಮ್ರದ ತಗಡು ಬಳಸುತ್ತಿದ್ದರು. ತಾಮ್ರ ಮೆತ್ತಗೆ, ಕೆಲವು ನೂರು ಪ್ರತಿ ತೆಗೆಯುವಷ್ಟರಲ್ಲಿ ಗೆರೆ ಸವೆಯುತ್ತಿತ್ತು. 1820ರ ದಶಕದಲ್ಲಿ ಉಕ್ಕು ಬಂತು, ಸಾವಿರಗಟ್ಟಲೆ ತೆಗೆಯಬಹುದಾಯಿತು. ಪಟ ಅಗ್ಗವಾಯಿತು. ಅದಕ್ಕೇ ಅದು ಹಡಗು ಹತ್ತಿ ನಿಮ್ಮ ಅಜ್ಜನ ಟ್ರಂಕಿನವರೆಗೂ ಬಂತು, ಅದಕ್ಕೇ ಇವತ್ತು ದೊಡ್ಡ ಬೆಲೆಯೂ ಇಲ್ಲ. ಗೆರೆಯ ಬದಲು ಕೆಂಪು, ಹಳದಿ, ನೀಲಿ ಚುಕ್ಕೆ ಕಂಡರೆ ಇನ್ನೂ ಈಚಿನದು. 1905ರಲ್ಲಿ ಆಲ್ಫ್ರೆಡ್ ಹೀಟನ್ ಕೂಪರ್ ಅನ್ನುವ ಚಿತ್ರಕಾರ ಈ ಕೆರೆಗಳನ್ನು ಬಣ್ಣದಲ್ಲಿ ಬರೆದ ಪುಸ್ತಕ ಬಂತು, ಅದು ಆ ಚುಕ್ಕೆ ಕಾಲದ್ದು.

ಒಂದು ಮಾತು. ಸುತ್ತಲಿನ ಖಾಲಿ ಅಂಚನ್ನು ದಯವಿಟ್ಟು ಕತ್ತರಿಸಬೇಡಿ. ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಒಬ್ಬ ಗಿರಾಕಿಯ ಪಟ ಫ್ರೇಮಿಗೆ ದೊಡ್ಡದಾಯಿತು ಅಂತ ಸ್ಕೇಲು ಇಟ್ಟು ನೀಟಾಗಿ ಕೊಯ್ದುಬಿಟ್ಟೆ. ಊರಿನ ಹೆಸರು, ಬರೆದವನು, ಕೊರೆದವನು, ಎಲ್ಲಾ ಕಸದ ಬುಟ್ಟಿಗೆ. ಅಪ್ಪ ಬೈಯಲಿಲ್ಲ. ಬುಟ್ಟಿಯಿಂದ ಆ ಪಟ್ಟಿಯನ್ನು ಎತ್ತಿ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟರು. ಇನ್ನೂ ಅಲ್ಲೇ ಇದೆ.

ಕಳೆದ ಬೇಸಿಗೆಯಲ್ಲಿ ಲೇಕ್ ಡಿಸ್ಟ್ರಿಕ್ಟಿಗೆ ಹೋಗಿದ್ದೆವು. ಹಳೇ ಚಿತ್ರಗಳಲ್ಲಿ ಹಿಮಾಲಯದ ಹಾಗೆ ಕಾಣುವ ಬೆಟ್ಟ ಎದುರಿಗೆ ನೋಡಿದರೆ ಅಷ್ಟೇನೂ ಇಲ್ಲ. ಕಲಾವಿದರು ಸುಳ್ಳು ಹೇಳಿದರಾ? (ಓದುಗರೊಬ್ಬರು, ಮಲ್ಲೇಶ್ವರ)

ಸ್ವಲ್ಪ ಹೇಳಿದ್ದಾರೆ. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್, 978 ಮೀಟರ್. ನಮ್ಮ ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಲೆಕ್ಕ ಹಾಕಿದರೆ ಅವರ ಶಿಖರದ ತುದಿ ನಮ್ಮ ಮಲ್ಲೇಶ್ವರದ ಒಂದು ಅಪಾರ್ಟ್‌ಮೆಂಟಿನಷ್ಟು ಎತ್ತರ! ಆದರೆ ಅಲ್ಲಿ ಕಣಿವೆಯ ತಳ ಸಮುದ್ರಮಟ್ಟಕ್ಕೆ ಹತ್ತಿರ. ಕೆರೆಯ ದಡದಲ್ಲಿ ನಿಂತರೆ ಬೆಟ್ಟ ಕಾಲಬುಡದಿಂದಲೇ ಏಳುತ್ತದೆ. ಹಾಗಾಗಿ ಪೂರ್ತಿ ಸುಳ್ಳೂ ಅಲ್ಲ.

ಇನ್ನೊಂದು ಕಾರಣ ನನಗೆ ಜಾಸ್ತಿ ಇಷ್ಟ. ಆ ಕಾಲದಲ್ಲಿ ಎಷ್ಟೋ ಜನ ಬೆಟ್ಟವನ್ನು ನೇರ ನೋಡುತ್ತಲೇ ಇರಲಿಲ್ಲ. ಜೇಬಿನಲ್ಲಿ ಒಂದು ಕಪ್ಪು ಛಾಯೆಯ, ಸ್ವಲ್ಪ ಉಬ್ಬಿದ ಕನ್ನಡಿ ಇಟ್ಟುಕೊಂಡು ಹೋಗುತ್ತಿದ್ದರು. ಕ್ಲಾಡ್ ಕನ್ನಡಿ ಅಂತ ಹೆಸರು. ಫ್ರಾನ್ಸಿನ ಚಿತ್ರಕಾರ ಕ್ಲಾಡ್‌ನ ಚಿತ್ರದ ಹಾಗೆ ಕಾಣಿಸುತ್ತದೆ ಅಂತ. ಕೆರೆಗೆ ಬೆನ್ನು ತಿರುಗಿಸಿ ನಿಂತು, ಕನ್ನಡಿಯಲ್ಲಿ ಕೆರೆ ನೋಡುವುದು. ನಮ್ಮ ಹುಡುಗರ ಸೆಲ್ಫಿ ನೋಡಿ ನಗುತ್ತೇವೆ, ಅಲ್ವಾ? 1769ರಲ್ಲಿ ಕವಿ ಥಾಮಸ್ ಗ್ರೇ ಕೆಸ್ವಿಕ್ ಊರಿನ ಹತ್ತಿರ ಆ ಕನ್ನಡಿಯನ್ನು ಕೈಯಲ್ಲಿ ಬಿಚ್ಚಿ ಹಿಡಿದಿದ್ದಾಗ ಒಂದು ಕೊಳಕು ಓಣಿಯಲ್ಲಿ ಬೆನ್ನಡಿಯಾಗಿ ಬಿದ್ದ. ಬೆರಳಿನ ಗೆಣ್ಣು ಕಿತ್ತುಹೋಯಿತು. ಆದರೂ ಎದ್ದು ನಿಂತು ಸೂರ್ಯ ಮುಳುಗುವುದನ್ನು ನೋಡಿದೆ ಅಂತ ದಿನಚರಿಯಲ್ಲಿ ಅವನೇ ಬರೆದುಕೊಂಡಿದ್ದಾನೆ.

ಎಲ್ಲಿ ನಿಂತು ನೋಡಬೇಕು ಅನ್ನುವುದಕ್ಕೂ ಪುಸ್ತಕ ಇತ್ತು. 1778ರಲ್ಲಿ ಥಾಮಸ್ ವೆಸ್ಟ್ ಬರೆದ ಗೈಡಿನಲ್ಲಿ ಆ ಜಾಗಗಳಿಗೆ ಸ್ಟೇಷನ್ ಅಂತಲೇ ಹೆಸರು. ವಿಂಡರ್‌ಮಿಯರ್ ಪಶ್ಚಿಮ ದಡದ ಕ್ಲೈಫ್ ಸ್ಟೇಷನ್ನಿನಲ್ಲಿ 1790ರ ದಶಕದಲ್ಲಿ ಒಂದು ಚಿಕ್ಕ ಮನೆ ಕಟ್ಟಿ, ಕಿಟಕಿಗೆ ಬಣ್ಣದ ಗಾಜು ಹಾಕಿದರು. ಹಳದಿ ಗಾಜಿನಲ್ಲಿ ನೋಡಿದರೆ ಬೇಸಿಗೆ, ಕಿತ್ತಳೆಯಲ್ಲಿ ಎಲೆ ಉದುರುವ ಕಾಲ, ತಿಳಿ ಹಸಿರಲ್ಲಿ ವಸಂತ, ತಿಳಿ ನೀಲಿಯಲ್ಲಿ ಚಳಿಗಾಲ. ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಗ ನಾನೂ ಅಲ್ಲಿಗೆ ಹೋಗಿದ್ದೆ. ಆ ಮನೆ ಈಗ ಅರ್ಧ ಪಾಳು, ಆದರೆ ನೋಡುವವರಿಗೆ ಅಂತ ಬಣ್ಣದ ಗಾಜು ಮತ್ತೆ ಇಟ್ಟಿದ್ದಾರೆ. ಹೊರಗೆ ಜಡಿಮಳೆ, ಸೀರೆಯ ಅಂಚೆಲ್ಲ ಕೆಸರು. ಹಳದಿ ಗಾಜಿಗೆ ಕಣ್ಣಿಟ್ಟರೆ ಕೆರೆ ಮೇಲೆ ಎಳೆಬಿಸಿಲು. ಕಣ್ಣು ತೆಗೆದರೆ ಮತ್ತೆ ಬೂದು. ಮೂರು ಸಲ ಹಾಗೇ ಮಾಡಿದೆ. ಹಿಂದೆ ಕ್ಯೂ ನಿಂತಿದ್ದವರು ಕೆಮ್ಮಿದರು.

ಟರ್ನರ್, ಕಾನ್‌ಸ್ಟಬಲ್ ಇಬ್ಬರೂ ಅಲ್ಲಿ ಚಿತ್ರ ಬರೆದಿದ್ದಾರಂತೆ. ಯಾರದ್ದು ಮೇಲು? (ಚಿತ್ರಕಲೆ ವಿದ್ಯಾರ್ಥಿನಿ, ವಿಜಯನಗರ)

ಪರೀಕ್ಷೆಗಾದರೆ ಇಬ್ಬರೂ ಮೇಲು ಅಂತ ಬರೆಯಿರಿ. ನನ್ನ ಓಟು ಕಾನ್‌ಸ್ಟಬಲ್‌ಗೆ.

ಟರ್ನರ್ 1797ರಲ್ಲಿ, 22ರ ಹುಡುಗನಾಗಿದ್ದಾಗ ಅಲ್ಲಿಗೆ ಹೋದ. ಮುಂದಿನ ವರ್ಷವೇ ಬಟರ್‌ಮಿಯರ್ ಕೆರೆಯ ಮೇಲೆ ಮಳೆ ಸುರಿಯುವ ಚಿತ್ರವನ್ನು ಲಂಡನ್ನಿನ ಪ್ರದರ್ಶನಕ್ಕೆ ಇಟ್ಟ. ಈಗ ಟೇಟ್ ಗ್ಯಾಲರಿಯಲ್ಲಿದೆ. ಅದರಲ್ಲೊಂದು ಕಾಮನಬಿಲ್ಲಿದೆ, ಆದರೆ ಏಳು ಬಣ್ಣ ಇಲ್ಲ. ಬಹುಮಟ್ಟಿಗೆ ಬಿಳಿ, ಮಂಜಿನಲ್ಲಿ ಎಳೆದ ಸುಣ್ಣದ ಗೆರೆಯ ಹಾಗೆ. ಸುತ್ತ ಕಗ್ಗತ್ತಲ ಬೆಟ್ಟ. ದೊಡ್ಡ ಚಿತ್ರ, ಒಪ್ಪುತ್ತೇನೆ. ಆದರೆ ಅದನ್ನು ಅವನು ಬರೆದದ್ದು ಊರಿಗೆ ವಾಪಸು ಬಂದಮೇಲೆ, ಒಳಗೆ ಕೂತು.

ಕಾನ್‌ಸ್ಟಬಲ್ ಹೋದದ್ದು 1806ರಲ್ಲಿ, ಸೋದರಮಾವನೊಬ್ಬ ಖರ್ಚು ಕೊಟ್ಟು ಕಳಿಸಿದ. ಸುಮಾರು ಏಳು ವಾರ ಇದ್ದ. ಬಾರೋಡೇಲ್ ಕಣಿವೆಯಲ್ಲಿ ಹಾಳೆ ಮೇಲೆ ಹಾಳೆ ಪೆನ್ಸಿಲ್ಲು, ಜಲವರ್ಣ. ಎಷ್ಟೋ ಹಾಳೆಗಳ ಹಿಂದೆ ತಾರೀಖು, ಹೊತ್ತು, ಆಗ ಮೋಡ ಹೇಗಿತ್ತು ಅಂತ ಗೀಚಿದ್ದಾನೆ. ಮಜಾ ಏನೆಂದರೆ ಬೆಟ್ಟ ಅವನಿಗೆ ಹಿಡಿಸಲಿಲ್ಲ. ಬೆಟ್ಟಗಳ ಒಂಟಿತನ ಮನಸ್ಸನ್ನು ಕುಗ್ಗಿಸಿತು ಅಂತ ಅವನ ಜೀವನಚರಿತ್ರೆ ಬರೆದ ಗೆಳೆಯ ಹೇಳಿದ್ದಾನೆ. ಮತ್ತೆ ಅವನು ಆ ಕಡೆ ತಲೆ ಹಾಕಲಿಲ್ಲ. ಹಿಡಿಸದ ಜಾಗದಲ್ಲಿ ಕೂತು, ಮಳೆಯಲ್ಲಿ ನೆನೆದು, ಗಂಟೆ ನೋಡಿ ಮೋಡ ಬರೆದವನ ಮೇಲೆ ನನಗೆ ಗೌರವ ಜಾಸ್ತಿ.

ಕುದುರೆ ಗಾಡಿಯೊಂದು ಸಮುದ್ರದೊಳಗೇ ಹೋಗುತ್ತಿರುವ ಚಿತ್ರ ನೋಡಿದೆ. ಕೆಳಗೆ 'ಲ್ಯಾಂಕಾಸ್ಟರ್ ಸ್ಯಾಂಡ್ಸ್' ಅಂತಿತ್ತು. ಇದು ಕಲ್ಪನೆಯಾ? (ಓದುಗರೊಬ್ಬರು, ಹನುಮಂತನಗರ)

ಕಲ್ಪನೆ ಅಲ್ಲ, ಅದು ಆ ಊರಿನ ಹೆದ್ದಾರಿ. ಕೆರೆಸೀಮೆಯ ದಕ್ಷಿಣಕ್ಕೆ ಮೋರ್ಕಂಬ್ ಕೊಲ್ಲಿ ಇದೆ. ಇಳಿತದ ಹೊತ್ತಿಗೆ ನೀರು ಮೈಲಿಗಟ್ಟಲೆ ಹಿಂದೆ ಸರಿದು ಬರೀ ಮರಳು ಉಳಿಯುತ್ತದೆ. ಲ್ಯಾಂಕಾಸ್ಟರ್ ಕಡೆಯಿಂದ ಬೆಟ್ಟದ ಕಡೆಗೆ ಹೋಗಲು ಅದೇ ಅಡ್ಡದಾರಿ. ಕೋಚು ಗಾಡಿಗಳು ದಿನಾ ಹಾಯುತ್ತಿದ್ದವು. 1857ರಲ್ಲಿ ರೈಲು ಬಂದಮೇಲೆ ನಿಂತಿತು.

ಟರ್ನರ್ ಇದನ್ನೂ ಬರೆದಿದ್ದಾನೆ. 1826ರ ಸುಮಾರಿನ ಜಲವರ್ಣ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮೇಲೆ ಓಟು ಕೊಡಲಿಲ್ಲ, ಇಲ್ಲಿ ಕೊಡುತ್ತೇನೆ. ಇದರಲ್ಲಿ ಬೆಟ್ಟದ ಭವ್ಯತೆ ಗಿವ್ಯತೆ ಏನೂ ಇಲ್ಲ. ಮಳೆ, ಒದ್ದೆ ಮರಳಿನ ಹೊಳಪು, ಒಂದು ಕೋಚು. ಅದಕ್ಕೆ ಅಂಟಿಕೊಂಡ ಹಾಗೆ ನಡೆಯುವ ಜನ. ನೀರು ವಾಪಸು ಬರುವುದರೊಳಗೆ ದಡ ಸೇರಬೇಕು ಅನ್ನುವ ಅವಸರ ಅವರ ಬೆನ್ನಿನಲ್ಲೇ ಕಾಣುತ್ತದೆ. ಡೇವಿಡ್ ಕಾಕ್ಸ್ ಅನ್ನುವವನೂ ಇದೇ ಮರಳನ್ನು ಮತ್ತೆ ಮತ್ತೆ ಬರೆದ. ಅಲ್ಲಿ ಜಾಸ್ತಿ ಗಾಳಿ.

ಅವಸರಕ್ಕೆ ಕಾರಣ ಇತ್ತು. ಆ ಮರಳು ಕಾಲು ನುಂಗುತ್ತದೆ, ಹೊಳೆಗಳು ದಾರಿ ಬದಲಿಸುತ್ತವೆ. ದಾರಿ ತೋರುವುದಕ್ಕೆ 16ನೇ ಶತಮಾನದಿಂದಲೇ ಸರ್ಕಾರಿ ಮಾರ್ಗದರ್ಶಿ ಇದ್ದಾನೆ. ಅವನು ಲಾರೆಲ್ ಗಿಡದ ಟೊಂಗೆಗಳನ್ನು ಮರಳಲ್ಲಿ ನೆಟ್ಟು ಗುರುತು ಮಾಡುತ್ತಾನೆ. ಅದಕ್ಕೆ ಅಲ್ಲಿಯವರು 'ಬ್ರಾಬ್' ಅನ್ನುತ್ತಾರೆ. 2004ರ ಫೆಬ್ರವರಿಯ ಒಂದು ರಾತ್ರಿ ಅಲ್ಲಿ ಚಿಪ್ಪು ಆಯಲು ಹೋಗಿದ್ದ 20ಕ್ಕೂ ಹೆಚ್ಚು ಚೀನೀ ಕೂಲಿಗಳು ನೀರು ಪಾಲಾದರು. ನಿಮ್ಮ ಪಟವನ್ನು ಮಕ್ಕಳಿಗೆ ತೋರಿಸುವಾಗ ಸುಮ್ನೆ 'ಚೆನ್ನಾಗಿದೆ' ಅನ್ನಬೇಡಿ, ಗಾಡಿಯ ಚಕ್ರ ಎಷ್ಟು ಹೂತಿದೆ ನೋಡಿಸಿ.

ಆ ಕೆರೆಗಳನ್ನು ಬರೆದವರು ಯಾರಾದರೂ ಬೆಂಗಳೂರಿಗೆ ಬಂದಿದ್ದರಾ? (ಓದುಗರೊಬ್ಬರು, ರಾಜಾಜಿನಗರ)

ಕೆರೆಯದ್ದಲ್ಲ, ಅದೇ ಸೀಮೆಯ ಕರಾವಳಿಯನ್ನು ಬರೆದವನು ಬಂದಿದ್ದ. ವಿಲಿಯಂ ಡೇನಿಯಲ್. ಹುಡುಗನಾಗಿದ್ದಾಗ ಚಿಕ್ಕಪ್ಪ ಥಾಮಸ್ ಜತೆ ಇಂಡಿಯಾ ತಿರುಗಿದ, 1792ರಲ್ಲಿ ನಮ್ಮ ಬೆಂಗಳೂರಿಗೂ ಬಂದ. ಊರಿಗೆ ಹೋದಮೇಲೆ ಬ್ರಿಟನ್ನಿನ ಕರಾವಳಿ ಪೂರ್ತಿ ಸುತ್ತಿ, 1814ರಿಂದ 1825ರವರೆಗೆ 308 ಚಿತ್ರ ಅಚ್ಚು ಹಾಕಿದ. ಅದರಲ್ಲಿ ಕಂಬರ್‌ಲ್ಯಾಂಡಿನ ವೈಟ್‌ಹೇವನ್ ಬಂದರೂ ಇದೆ. ಟಿಪ್ಪುವಿನ ಮೇಲೆ ಬಂದ ದಂಡಿನ ಜತೆಯಲ್ಲಿದ್ದ ರಾಬರ್ಟ್ ಹೋಮ್ ನಮ್ಮ ಸಾವನದುರ್ಗವನ್ನು ಬರೆದು 1794ರಲ್ಲಿ ಅಚ್ಚು ಹಾಕಿಸಿದ. ಅದನ್ನು ನೋಡಿದಾಗೆಲ್ಲ ನನಗೆ ಅನ್ನಿಸುತ್ತದೆ: ಬಂಡೆ ಮಾಗಡಿಯದು, ಕಣ್ಣು ಕೆರೆಸೀಮೆಯ ಸ್ಟೇಷನ್ನಿನಲ್ಲಿ ಪಳಗಿದ್ದು.

ಹೊಸ ಮನೆ. ಪೇಂಟ್ ಆಗಿ ಹದಿನೈದು ದಿನ. ಪಟ ಹಾಕಬಹುದಾ? (ಓದುಗರೊಬ್ಬರು, ಕೆಂಗೇರಿ)

ಬೇಡ. ಒಂದು ಮಳೆಗಾಲ ಕಳೆಯಲಿ. ಮೋರ್ಕಂಬ್ ಕಡಲತಡಿಯ ಮಿಡ್‌ಲ್ಯಾಂಡ್ ಹೋಟೆಲ್ 1933ರಲ್ಲಿ ಶುರುವಾದಾಗ ಎರಿಕ್ ರವಿಲಿಯಸ್ ಅನ್ನುವ ಒಳ್ಳೇ ಕಲಾವಿದ ಅಲ್ಲಿನ ಟೀ ಕೋಣೆಯ ಗೋಡೆಗೆ ಚಿತ್ರ ಬರೆದ. ಗಾರೆಯ ಒದ್ದೆ ಇನ್ನೂ ಆರಿರಲಿಲ್ಲ. ಬಣ್ಣ ಹಪ್ಪಳದ ಹಾಗೆ ಎದ್ದುಹೋಯಿತು. ಅವನು ಬರೆದ ಮೂಲ ಚಿತ್ರವನ್ನು ಈಗ ಫೋಟೊದಲ್ಲಿ ನೋಡಬೇಕಷ್ಟೆ.

ಥರ್ಲ್‌ಮಿಯರ್ ಕೆರೆಯ ಎರಡು ಪಟ ನಮ್ಮಲ್ಲಿವೆ. ಹಳೇ ಅಚ್ಚಿನಲ್ಲಿ ಕೆರೆ ಸೊಂಟದ ಹಾಗೆ ನಡುವೆ ಸಣ್ಣಗಾಗಿದೆ, ಅಲ್ಲೊಂದು ಸೇತುವೆ. ಬಣ್ಣದ ಪೋಸ್ಟ್‌ಕಾರ್ಡಿನಲ್ಲಿ ಸೇತುವೆಯೂ ಇಲ್ಲ, ಸೊಂಟವೂ ಇಲ್ಲ. ಯಾವುದು ತಪ್ಪು? (ಓದುಗರೊಬ್ಬರು, ಗಾಂಧಿನಗರ)

ಎರಡೂ ಸರಿ. ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯುವ ನೀರು ಬೇಕು ಅಂತ ಆ ಕೆರೆಗೆ ಅಣೆಕಟ್ಟು ಕಟ್ಟಿದರು. ಜನ ಜಗಳ ಆಡಿದರು, ನಡೆಯಲಿಲ್ಲ. 1894ರಲ್ಲಿ ನೀರು 150 ಕಿಲೋಮೀಟರಿಗೂ ಹೆಚ್ಚು ದೂರ, ಪಂಪು ಇಲ್ಲದೆ ಇಳಿಜಾರಿನಲ್ಲೇ ಹರಿದು ಮ್ಯಾಂಚೆಸ್ಟರ್ ಸೇರಿತು. ಕೆರೆ ಏರಿತು. ಸೇತುವೆ, ದಡದ ಹೊಲ, ಮನೆ ಎಲ್ಲಾ ಮುಳುಗಿದವು. ನಮ್ಮೂರಿಗೆ ಹೆಸರಘಟ್ಟದ ನೀರು ಬಂದದ್ದೂ ಅದೇ ದಶಕದಲ್ಲಿ. ನಲ್ಲಿ ಬಂತು, ಊರೊಳಗಿನ ಕೆರೆಗಳು ಒಂದೊಂದಾಗಿ ಯಾರಿಗೂ ಬೇಡವಾದವು. ನಿಮ್ಮ ಗಾಂಧಿನಗರದ ಪಕ್ಕದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಅವರಲ್ಲಿ ಸೇತುವೆ ನೀರಿನ ಕೆಳಗೆ ಹೋಯಿತು. ನಮ್ಮಲ್ಲಿ ನೀರೇ ಪ್ಲಾಟ್‌ಫಾರ್ಮಿನ ಕೆಳಗೆ ಹೋಯಿತು.

ಎರಡೂ ಪಟವನ್ನು ಒಂದೇ ಗೋಡೆಗೆ ಹಾಕಿ, ಹಳೆಯದು ಎಡಕ್ಕೆ. ಬಿಸಿಲು ನೇರ ಬೀಳುವ ಗೋಡೆ ಬೇಡ. ಮೊಳೆ ಹೊಡೆಯುವ ಮುಂಚೆ ಎರಡರ ಹಿಂದೆಯೂ ಊರು, ಕಾಲ ಬರೆದಿಡಿ. ಪೆನ್ಸಿಲ್ಲಿನಲ್ಲಿ, ಪೆನ್ನಿನಲ್ಲಲ್ಲ.